ಕುಷ್ಟನ ಗಾಲ್ಫೂ ಚೆನ್ನಯ್ಯನ ಮುಯ್ಯಾಳೂ

ಭತ್ತದ ಕೊಯ್ಲು ಮುಗಿದು, ಮನೆಮನೆಯ ಅಂಗಳದಲ್ಲಿ ಹುಲ್ಲಿನ ಕುತ್ರಿ ಎದ್ದು, ಕಿರಿಮಂಜೇಶ್ವರದ ಮರಳುಗದ್ದೆಗಳಲ್ಲಿ ನೆಲಗಡಲೆ ಬಿತ್ತನೆ ಶುರುವಾಗಿತ್ತು. ನೆಲಗಡಲೆಗೆ ಬೇಕಾದದ್ದು ಹದ. ಮಣ್ಣು ಹಿಮ್ಮಡಿಗೆ ಅಂಟಬಾರದು, ಹಿಡಿಯಲ್ಲಿ ಹಿಚುಕಿದರೆ ಉಂಡೆಯಾಗಿ ನಿಲ್ಲಬೇಕು. ಇಂಥ ಹದ ಒಂದು ಗದ್ದೆಗೆ ಮೂರು ದಿನ ಇದ್ದರೆ ಹೆಚ್ಚು. ನಾಲ್ಕನೆಯ ದಿನ ಬಿತ್ತಿದವನು ಇರುವೆಗಳಿಗೆ ಅನ್ನ ಹಾಕಿದ ಪುಣ್ಯವನ್ನಷ್ಟೇ ಕಟ್ಟಿಕೊಳ್ಳಬಹುದು.

ಆ ಬುಧವಾರ ಬಿತ್ತನೆ ನಡೆಯುತ್ತಿದ್ದದ್ದು ಕುಷ್ಟನ ಗದ್ದೆಯಲ್ಲಿ. ಟಿಲ್ಲರ್ ನೆರೆಮನೆಯ ಚೆನ್ನಯ್ಯನದು. ಅದನ್ನು ಹಿಡಿದು ಸಾಲು ಬಿಡುತ್ತಿದ್ದವನೂ ಚೆನ್ನಯ್ಯನೇ. ಅವನ ಹೆಂಡತಿ ಸೀತು ಮತ್ತು ಕುಷ್ಟನ ಹೆಂಡತಿ ಉಮಾವತಿ ಬುಟ್ಟಿಯನ್ನು ಸೊಂಟಕ್ಕೊತ್ತಿಕೊಂಡು, ಟಿಲ್ಲರಿನ ಹಿಂದೆ ಗೇಣಿಗೊಂದು ಬೀಜ ಹಾಕುತ್ತ ಬರುತ್ತಿದ್ದರು. ಕುಷ್ಟ ಗದ್ದೆಯ ಅಂಚಿನ ಮೇಲೆ ನಿಂತು, ಕೆಲಸ ಸರಿಯಾಗಿ ನಡೆಯುತ್ತಿದೆ ಎಂದು ಆಗಾಗ ಎಲ್ಲರಿಗೂ ತಿಳಿಸುತ್ತಿದ್ದ.

ಇದು ಮುಯ್ಯಾಳಿನ ಲೆಕ್ಕ. ಇವತ್ತು ನನ್ನ ಗದ್ದೆಗೆ ನೀವಿಬ್ಬರು, ನಾಳೆ ನಿಮ್ಮ ಗದ್ದೆಗೆ ನಾವಿಬ್ಬರು. ನಡುವೆ ದುಡ್ಡಿಲ್ಲ. ಊಟ ಮಾತ್ರ ಗದ್ದೆಯವರದು. ಚೆನ್ನಯ್ಯನ ಗದ್ದೆ ಕುಷ್ಟನದರ ಎರಡರಷ್ಟು ದೊಡ್ಡದು, ಸ್ವಲ್ಪ ಎತ್ತರದಲ್ಲಿದ್ದು ಬೇಗ ಒಣಗುವಂಥದ್ದು. ನ್ಯಾಯವಾಗಿ ಅದಕ್ಕೇ ಮೊದಲ ಸರದಿ. ಆದರೆ ಕುಷ್ಟ, ‘ಬೀಜ ಸುಲ್ದ್ ಇಟ್ಟಿದೆ ಚೆನ್ನಯ್ಯಣ್ಣ’ ಎಂದು ಎರಡು ದಿನ ಬೆನ್ನು ಬಿದ್ದದ್ದರಿಂದ ಚೆನ್ನಯ್ಯ ಸರದಿ ಬಿಟ್ಟುಕೊಟ್ಟಿದ್ದ. ಅವನ ಮನೆಯಲ್ಲೂ ಬೀಜ ಸುಲಿದೇ ಇತ್ತು. ಅದನ್ನು ಅವನು ಹೇಳಲಿಲ್ಲ.

ಚೆನ್ನಯ್ಯ ಋಣದ ವಿಷಯದಲ್ಲಿ ಒಂದು ತೂಕದ ಮನುಷ್ಯ. ಒಮ್ಮೆ ಯಾರದೋ ಮದುವೆಮನೆಯಲ್ಲಿ ಪಕ್ಕದವನಿಂದ ಎರಡು ವೀಳ್ಯದೆಲೆ ತೆಗೆದುಕೊಂಡು, ಮಾರನೆಯ ಸೋಮವಾರ ಬೈಂದೂರಿನ ತನಕ ಬಸ್ಸಿನಲ್ಲಿ ಹೋಗಿ ಅಷ್ಟೇ ದೊಡ್ಡ ಎರಡು ಎಲೆ ಕೊಟ್ಟು ಬಂದಿದ್ದ. ತಾನು ಬಾಕಿ ಇಡುವುದಿಲ್ಲ, ಇನ್ನೊಬ್ಬರು ಬಾಕಿ ಇಟ್ಟರೆ ಮರೆಯುವುದಿಲ್ಲ.

ಹನ್ನೊಂದು ಗಂಟೆಯ ಹೊತ್ತಿಗೆ ಸೀತು ಸಾಲಿನ ನಡುವೆ ನಿಂತು ಕೂಗಿದಳು.

“ಹ್ವಾಯ್ ಕುಷ್ಟಣ್ಣ, ಇದೆಂತ ಕಾಣಿ! ಆಕಾಶದಿಂದ ಮೊಟ್ಟೆ ಬಿತ್ತ್!”

ಅವಳ ಮುಂದೆ ಮೊಳದಷ್ಟು ದೂರದಲ್ಲಿ ಬಿಳಿಯ ಚೆಂಡೊಂದು ಮಣ್ಣಿನಲ್ಲಿ ಅರ್ಧ ಹೂತು ಕುಳಿತಿತ್ತು. ಕುಷ್ಟ ಬಗ್ಗಿ ನೋಡಲಿಲ್ಲ. ತಲೆಯೆತ್ತಿ, ಎದುರಿನ ಗುಡ್ಡೆಯ ಮೇಲಿದ್ದ ಹೊಸ ರೆಸಾರ್ಟಿನ ಕಡೆ ನೋಡಿದ.

“ಮೊಟ್ಟೆ ಅಲ್ಲ ಅತ್ಗೆ, ಗಾಲ್ಫ್ ಚೆಂಡ್. ಹೊಡ್ದವ್ರ್ ಕಾಲಿಗಿಂತ ಚೆಂಡ್ ಮೇಲಿತ್ತ್. ಹಾಂಗಾಯಿ ಎಡಕ್ಕೆ ತಿರ್ಗಿ ಕೆಳ್ಗೆ ಬಂತ್.”

“ಇಲ್ಲಿಂದ ನಿಮ್ಗೆ ಅವ್ರ್ ಕಾಲ್ ಕಂಡ್ತಾ?” ಎಂದಳು ಉಮಾವತಿ. “ಜಗಲಿ ಮೇಲ್ ಇಪ್ಪು ಕನ್ನಡ್ಕ ಹುಡ್ಕುಕೆ ನಾನೇ ಬರ್ಕ್.”

“ಕಾಲ್ ಎಂತಕ್ಕೆ ಕಾಣ್ಕ್ ಹೆಣೆ? ಬೆನ್ನ್ ಕಂಡ್ರೆ ಸಾಕ್. ನಮ್ಗೆ ಬೆನ್ನ್ ಕಾಂತಿತ್ತ್ ಅಂದ್ರೆ ಮುಖ ಗುಡ್ಡೆಗೆ. ಮುಖ ಗುಡ್ಡೆಗ್ ಅಂದ್ರೆ ಚೆಂಡ್ ಮೇಲೆ, ಕಾಲ್ ಕೆಳ್ಗೆ. ಇದೆಲ್ಲ ಬೊಂಬಾಯಂಗೆ ಕಂಡದ್ದೇ.”

ಕುಷ್ಟ ಮುಂಬಯಿಯಲ್ಲಿ ಹತ್ತೊಂಬತ್ತು ವರ್ಷ ಒಂದು ಗಾಲ್ಫ್ ಕ್ಲಬ್ಬಿನಲ್ಲಿದ್ದದ್ದು ಸತ್ಯ. ಅಲ್ಲಿ ಒಂಬತ್ತನೆಯ ಗುಳಿಯ ಪಕ್ಕದ ಚಹಾ ಗೂಡಿನಲ್ಲಿ ಅವನು ಚಹಾ ಕೊಡುತ್ತಿದ್ದ. ಚೆನ್ನಾಗಿ ಹೊಡೆದವರು ನೇರ ಮುಂದೆ ಹೋಗುತ್ತಿದ್ದರು. ಕೆಟ್ಟು ಹೊಡೆದವರು ಗೂಡಿನಲ್ಲಿ ಕುಳಿತು, ಎರಡು ಕಪ್ ಚಹಾ ಕುಡಿದು, ಏಕೆ ಕೆಟ್ಟಿತು ಎಂದು ಹೇಳಿಕೊಳ್ಳುತ್ತಿದ್ದರು. ಕೆಟ್ಟದ್ದೆಲ್ಲವೂ ನೆಲ ಓರೆಯಾಗಿದ್ದ ಜಾಗದಲ್ಲೇ. ಚೆಂಡು ಕಾಲಿಗಿಂತ ಮೇಲಿದ್ದರೆ ಎಡಕ್ಕೆ, ಕೆಳಗಿದ್ದರೆ ಬಲಕ್ಕೆ. ಏರಿನಲ್ಲಿ ಹೊಡೆದರೆ ಎತ್ತರ ಹೋಗಿ ಹತ್ತಿರ ಬೀಳುವುದು, ಇಳಿತದಲ್ಲಿ ಹೊಡೆದರೆ ತಗ್ಗಿನಲ್ಲಿ ಹಾರಿ ಓಡುವುದು. ಹೀಗೆ ಹತ್ತೊಂಬತ್ತು ವರ್ಷ ಸಾಹೇಬರ ಸೋಲನ್ನು ಕೇಳಿ ಕೇಳಿ ಕುಷ್ಟ ಇಳಿಜಾರಿನ ಗಾಲ್ಫಿನಲ್ಲಿ ಮಹಾಪಂಡಿತನಾಗಿದ್ದ. ಕೋಲನ್ನು ಮಾತ್ರ ಒಮ್ಮೆಯೂ ಮುಟ್ಟಿರಲಿಲ್ಲ. ಪಾಂಡಿತ್ಯಕ್ಕೂ ಕೋಲಿಗೂ ಸಂಬಂಧವಿದೆ ಎಂದು ಅವನಿಗೆ ಅನ್ನಿಸಿಯೂ ಇರಲಿಲ್ಲ.

ಅಷ್ಟರಲ್ಲಿ ಗುಡ್ಡೆಯಿಂದ ಜೀಪು ಇಳಿದು ಬಂತು. ಮುಂದೆ ಕುಳಿತಿದ್ದವನು ರೆಸಾರ್ಟಿನ ಧಣಿ ರತನ್. ಅವನ ತಂದೆ ಮೀನಿನ ವ್ಯಾಪಾರದಲ್ಲಿ ಗಳಿಸಿದ್ದರು. ಮಗ ಮುಂಬಯಿಯಲ್ಲಿ ಹೋಟೆಲು ನಡೆಸಿ, ಈಗ ಊರಿಗೆ ಬಂದು ಗುಡ್ಡೆಯ ಮೇಲೆ ಆರು ಗುಳಿಯ ಗಾಲ್ಫ್ ಮೈದಾನ ಮಾಡಿದ್ದ. ಹಿಂದೆ ಕುಳಿತಿದ್ದವರು ಬ್ರಹ್ಮಾವರದ ಭುಜಂಗ ರಾಯರು, ನಿವೃತ್ತ ಬ್ಯಾಂಕ್ ಜನರಲ್ ಮ್ಯಾನೇಜರು. ಅವರು ಹೇಳಿದ್ದಕ್ಕೆ ಮೂವತ್ತೈದು ವರ್ಷ ಎಲ್ಲರೂ ಹೌದೆಂದಿದ್ದರು. ಈ ಗುಡ್ಡೆಗೆ ಬಂದ ಮೇಲೆ ಚೆಂಡೊಂದು ಮಾತ್ರ ಇಲ್ಲವೆನ್ನುತ್ತಿತ್ತು.

“ಚೆಂಡು ಇಲ್ಲಿಗೆ ಬಂತಾ?” ಎಂದರು ರಾಯರು.

“ಬಂದಿತ್ತ್,” ಎಂದ ಕುಷ್ಟ. “ನಿಮ್ಮ್ ಕಾಲಿಗಿಂತ ಗೇಣ್ ಮೇಲಿತ್ತ್ ಅಲ್ದಾ? ನೀವ್ ಕೋಲಿನ ತುದಿಯಂಗೇ ಹಿಡ್ದ್ರಿ. ಚೂರ್ ಕೆಳ್ಗ್ ಹಿಡ್ದ್, ಬಲಕ್ಕೆ ಗುರಿ ಇಡ್ಕಿತ್.”

ರಾಯರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. “ಒಂದು ಗೇಣು! ಸರಿಯಾಗಿ ಒಂದು ಗೇಣು! ರತನ್, ಇವರು ಯಾರು?”

“ನೀವ್ ಎಲ್ ಕಲ್ತದ್ದ್?” ಎಂದು ರತನ್ ಕೇಳಿದ.

“ಬೊಂಬಾಯಿ ಕ್ಲಬ್ಬಂಗೆ. ಹತ್ತೊಂಬತ್ತ್ ವರ್ಷ. ಸಾಹೇಬ್ರೆಲ್ಲ ಹೊಡ್ದ್ ಆದ್ಮೇಲೆ ನನ್ ಹತ್ರವೇ ಬಪ್ದ್. ತಪ್ಪೆಲ್ಲ ನನ್ ಎದ್ರ್ ಹೇಳುದ್.”

ಇದರಲ್ಲಿ ಒಂದಕ್ಷರವೂ ಸುಳ್ಳಿಲ್ಲ ಎನ್ನುವುದನ್ನು ಓದುಗರು ಗಮನಿಸಬೇಕು. ಆದರೆ ರತನನ ಕಣ್ಣೆದುರು ಕುಷ್ಟನ ಕೈಯಿಂದ ಚಹಾದ ತಟ್ಟೆ ಮಾಯವಾಗಿ, ಅಲ್ಲೊಂದು ಬೆಳ್ಳಿಯ ಕೋಲು ಬಂದು ಕುಳಿತಿತು.

“ಅರೇ, ದೇವ್ರೇ ಕಳ್ಸಿದ್ದ್! ಶುಕ್ರವಾರ ಉದ್ಘಾಟನೆ. ರಾಯ್ರೂ ಅವ್ರ್ ಮೂರ್ ಜನ ದೋಸ್ತಿಗಳೂ ಆಡ್ಕ್. ಒಬ್ರಿಗೂ ಚೆಂಡ್ ಮಾತ್ ಕೇಂತಿಲ್ಲೆ. ನಾಳೆ ಬೆಳಿಗ್ಗೆ ಬಂದ್ ಚೂರ್ ಹೇಳ್ಕೊಡಿ ಮಾರಾಯ್ರೆ.”

ಟಿಲ್ಲರಿನ ಸದ್ದು ನಿಂತಿತು. ಚೆನ್ನಯ್ಯ ಹಿಡಿ ಬಿಡದೆ ಕುಷ್ಟನ ಮುಖ ನೋಡಿದ.

“ಬತ್ತೆ,” ಎಂದ ಕುಷ್ಟ ರತನನಿಗೆ. “ಎಂಟ್ ಗಂಟಿಗೆ ನಿನ್ ಗೆದ್ದೆಯಂಗ್ ಇರ್ತೆ,” ಎಂದ ಚೆನ್ನಯ್ಯನಿಗೆ. ಒಂದೇ ಉಸಿರಿನಲ್ಲಿ ಇಬ್ಬರಿಗೂ ಮಾತು ಕೊಟ್ಟು ಮುಗಿಸಿದ.

ಗುರುವಾರ ಬೆಳಿಗ್ಗೆ ಆರೂವರೆಗೆ ಕುಷ್ಟ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಗುಡ್ಡೆ ಹತ್ತಿದ. ಮೈದಾನ ಎಂದರೆ ಮೈದಾನವೆಲ್ಲಿತ್ತು? ಹಸಿರು ಹುಲ್ಲು ಹಾಸಿದ ಗುಡ್ಡೆ. ನೀರು ಚೆಲ್ಲಿದರೆ ಹೆದ್ದಾರಿಯಲ್ಲಿ ನಿಲ್ಲುವಂಥದ್ದು. ರಾಯರ ಜೊತೆ ಒಬ್ಬರು ಹಲ್ಲಿನ ಡಾಕ್ಟರು, ಒಬ್ಬರು ನಿವೃತ್ತ ಇಂಜಿನಿಯರು ಮತ್ತು ಮಾತೇ ಆಡದ ಇನ್ನೊಬ್ಬರು ಕೋಲು ಹಿಡಿದು ಕಾಯುತ್ತಿದ್ದರು.

“ಮೊದಲು ನೀವೊಂದು ಹೊಡೆದು ತೋರಿಸಿ,” ಎಂದರು ಡಾಕ್ಟರು.

ಕುಷ್ಟ ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡ. “ಡಾಕ್ಟ್ರೆ, ಹಲ್ಲ್ ಕೀಳುದ್ ಹ್ಯಾಂಗ್ ಅಂದ್ ತೋರ್ಸುಕೆ ನೀವ್ ನಿಮ್ಮ್ ಹಲ್ಲ್ ಕಿತ್ಕಂತ್ರಿಯಾ?”

ಡಾಕ್ಟರಿಗೆ ಈ ತರ್ಕ ಒಪ್ಪಿಗೆಯಾಯಿತು. ಅಲ್ಲಿಂದ ಮುಂದೆ ಯಾರೂ ಆ ಪ್ರಶ್ನೆ ಎತ್ತಲಿಲ್ಲ.

“ರಾಯ್ರೆ, ಗೆದ್ದೆ ಅಂಚ್ ಕೆತ್ತಿ ಗೊತ್ತಿತ್ತಾ?”

“ಅಂಚು ಕೆತ್ತುವವರಿಗೆ ಸಾಲ ಕೊಟ್ಟು ಗೊತ್ತು.”

“ಹಾಂಗಾರೆ ಕಾಣಿ. ಅಂಚ್ ಕೆತ್ತುವವ್ ಗುಡ್ಡೆಗೆ ಎದ್ರ್ ನಿಲ್ಲುದಿಲ್ಲೆ, ಗುಡ್ಡೆ ಹ್ಯಾಂಗಿತ್ತೋ ಹಾಂಗ್ ನಿಲ್ತ. ಹೆಗಲ್ ಇಳ್ಜಾರಿನ್ ಒಟ್ಟಿಗ್ ಹೋಯ್ಕ್. ನೀವ್ ನೆಟ್ಟಗ್ ನಿಂತ್ರೆ ಗುಡ್ಡೆ ಒಂದ್ ಬದಿ, ನೀವ್ ಒಂದ್ ಬದಿ. ಮಧ್ಯದಂಗೆ ಚೆಂಡಿಗ್ ಎಂತ ಮಾಡ್ಕ್ ಅಂದ್ ಗೊತ್ತಾತಿಲ್ಲೆ.”

ರಾಯರು ಹೆಗಲು ಓರೆ ಮಾಡಿದರು. ಕೋಲನ್ನು ಕೆಳಗೆ ಹಿಡಿದರು. ಬಲಕ್ಕಿದ್ದ ಗೇರುಮರಕ್ಕೆ ಗುರಿಯಿಟ್ಟು ಹೊಡೆದರು. ಚೆಂಡು ಮರದ ಕಡೆ ಹೊರಟು, ಗಾಳಿಯಲ್ಲಿ ಮನಸ್ಸು ಬದಲಿಸಿ, ನಿಧಾನ ಎಡಕ್ಕೆ ಬಾಗಿ, ಬಾವುಟದ ಹತ್ತಿರ ಇಳಿಯಿತು. ರಾಯರು ಕೋಲನ್ನೇ ತಿರುಗಿಸಿ ತಿರುಗಿಸಿ ನೋಡಿದರು. ಆಮೇಲೆ ಮಾತೇ ಆಡದವರು “ಭೇಷ್” ಎಂದರು.

ಇನ್ನು ಕುಷ್ಟನನ್ನು ಬಿಡುವವರು ಯಾರು? ಇಂಜಿನಿಯರಿಗೆ ಇಳಿತದಲ್ಲಿ ಹೊಡೆಯಬೇಕು. “ಬಾವಿ ಮೆಟ್ಲ್ ಇಳಿಯುವಾಗ ಹ್ಯಾಂಗೆ? ಭಾರ ಮುಂದಿನ್ ಕಾಲಿಗೆ. ಹೊಡ್ದ್ ಆದ್ಮೇಲೂ ಕೋಲ್ ಇಳ್ಜಾರಿನ್ ಬೆನ್ನ್ ಹಿಡ್ದ್ ಹೋಯ್ಕ್. ಮೇಲೆತ್ತುಕೆ ಹೋಪುಕಾಗ.” ಡಾಕ್ಟರಿಗೆ ಚೆಂಡು ಕಾಲಿಗಿಂತ ಕೆಳಗೆ. “ಮೊಣಕಾಲ್ ಬಗ್ಸಿ, ಸೊಂಟ ಅಲ್ಲ. ಭತ್ತದ್ ನೇಜಿ ನೆಡುಕೆ ಬಂದದ್ದಾ ನೀವ್?” ಎಂಟು ಗಂಟೆಯಾಯಿತು. ಒಂಬತ್ತಾಯಿತು. ಬಾಳೆಲೆಯಲ್ಲಿ ಕಡುಬು ಬಂತು, ಚಟ್ನಿ ಬಂತು. ಜೀವಮಾನವೆಲ್ಲ ಸಾಹೇಬರಿಗೆ ಚಹಾ ಕೊಟ್ಟವನಿಗೆ ಸಾಹೇಬರೇ ಚಹಾ ತಂದುಕೊಟ್ಟರು. ಕುಷ್ಟ ಸಕ್ಕರೆ ಕಡಿಮೆ ಎಂದ.

ಕೆಳಗೆ, ಚೆನ್ನಯ್ಯನ ಗದ್ದೆಯಲ್ಲಿ ಟಿಲ್ಲರು ಒಂದು ಸಾಲು ಹೋಗುವುದು, ನಿಲ್ಲುವುದು, ಕಾಯುವುದು ಕಾಣುತ್ತಿತ್ತು. ಬೀಜ ಹಾಕುವವರು ಇಬ್ಬರೇ. ಕುಷ್ಟ ಆ ಕಡೆ ಬೆನ್ನು ಹಾಕಿ ನಿಂತ. ಇಳಿಜಾರಿನಲ್ಲಿ ಯಾವ ಕಡೆ ಮುಖ ಮಾಡಿ ನಿಲ್ಲಬೇಕೆಂದು ಅವನಿಗೆ ತಿಳಿದಷ್ಟು ಯಾರಿಗೂ ತಿಳಿದಿರಲಿಲ್ಲ.

ಸಂಜೆ ನಾಲ್ಕು ಗಂಟೆಗೆ ಬೇಲಿಯ ಆಚೆ ಚೆನ್ನಯ್ಯ ಬಂದು ನಿಂತ. ಮೊಣಕಾಲಿನ ತನಕ ಮಣ್ಣು, ಹೆಗಲ ಮೇಲೆ ಮೈ ಒರೆಸುವ ಬೈರಾಸು.

“ಹ್ವಾಯ್ ಕುಷ್ಟಾ! ನಿನ್ ಎಂಟ್ ಗಂಟಿ ಇನ್ನೂ ಆಯ್ಲಿಲ್ಯಾ?”

“ಬಂದೆ ಚೆನ್ನಯ್ಯಣ್ಣ, ಒಂದ್ ಹತ್ ನಿಮಿಷ.”

“ಅರ್ಧ ಗೆದ್ದೆ ಹಾಂಗೇ ಇತ್ತ್. ಮೇಲ್ ಮಣ್ಣ್ ಬೆಳ್ಳಗ್ ಆತಾ ಬಂತ್. ನಾಳೆ ಮಧ್ಯಾಹ್ನದ್ ಒಳ್ಗೆ ಬೀಜ ಬೀಳ್ದಿರೆ ಹದ ಹೋಯ್ತ್. ಸುಲ್ದಿಟ್ಟ ಬೀಜ ನಾನ್ ಹುರ್ಕಂಡ್ ತಿನ್ಕಾ?”

ನಾಲ್ವರು ಶಿಷ್ಯರೂ ನೋಡುತ್ತಿದ್ದರು. ಗುರುವನ್ನು ಗದ್ದೆಗೆ ಆಳಾಗಿ ಕರೆಯುವುದನ್ನು ಶಿಷ್ಯರು ಕೇಳಬಾರದು. ಕುಷ್ಟ ಬೇಲಿಯ ಹತ್ತಿರ ಹೋಗಿ ದನಿ ತಗ್ಗಿಸಿದ.

“ಇದೂ ಮುಯ್ಯಾಳೇ ಅಂದ್ ತಿಳ್ಕ ಚೆನ್ನಯ್ಯಣ್ಣ. ನಾನ್ ಇವತ್ತ್ ಇಲ್ಲಿ. ನಾಳೆ ಇವ್ರ್ ನಿನ್ ಗೆದ್ದೆಯಂಗೆ. ನನ್ನದ್ದ್ ನಿಂಗೆ ಮುಟ್ಟಿದ್ ಹಾಂಗೇ ಅಲ್ದಾ?”

ಇದು ಬೀಸುವ ದೊಣ್ಣೆ ತಪ್ಪಿಸಿಕೊಳ್ಳಲು ಹೇಳಿದ ಮಾತು. ಆದರೆ ಚೆನ್ನಯ್ಯ ಮಾತನ್ನು ಮಾತಾಗಿಯೇ ತೆಗೆದುಕೊಳ್ಳುವವನು. ಯೋಚಿಸಿದ.

“ದುಡ್ಡ್ ತಕಂಡ್ಯಾ?”

“ಇಲ್ಲೆ.” ರತನ್ ಕವರು ಕೊಡಲು ಬಂದಾಗ, ಗುರುವಿನ ಗೌರವಕ್ಕೆ ಸರಿಯಲ್ಲವೆಂದು ಕುಷ್ಟ ಬೇಡವೆಂದಿದ್ದ.

“ಊಟ ಇಲ್ಲೇಯಾ?”

“ಇಲ್ಲೇ. ಕಡ್ಬ್.”

“ದುಡ್ಡಿಲ್ಲೆ, ಊಟ ಇತ್ತ್. ಹಾಂಗಾರೆ ಮುಯ್ಯಾಳೇ,” ಎಂದು ಚೆನ್ನಯ್ಯ ತೀರ್ಪು ಕೊಟ್ಟ. ಮತ್ತೆ ಬೇಲಿಯ ಮೇಲಿಂದ ಕೂಗಿದ. “ಸಾವ್ಕಾರ್ರೇ! ಇದ್ ಮುಯ್ಯಾಳ್ ಅಲ್ದಾ? ನಾಳೆ ನಾಕ್ ಜನ ಅಲ್ದಾ?”

ರತನ್ ಫೋನಿನಲ್ಲಿ ಶಾಮಿಯಾನದವನ ಜೊತೆ ಜಗಳವಾಡುತ್ತಿದ್ದ. “ಹೌದ್ ಹೌದ್, ನಾಕ್ ಜನ, ಎಲ್ಲ ಹೌದ್!” ಎಂದು ಕೈ ಬೀಸಿದ.

ಚೆನ್ನಯ್ಯ ಸಮಾಧಾನದಿಂದ ಇಳಿದು ಹೋದ. ಒಂದು ದೊಡ್ಡ ವಿಷಯ ಸಣ್ಣದರಲ್ಲಿ ಮುಗಿಯಿತೆಂದು ಕುಷ್ಟ ಇನ್ನೊಂದು ಕಡುಬು ತರಿಸಿದ.

ಶುಕ್ರವಾರ ಬೆಳಿಗ್ಗೆ ಎಂಟಕ್ಕೆ ಉದ್ಘಾಟನೆ. ಶಾಮಿಯಾನ, ಬಣ್ಣದ ಕುರ್ಚಿ, ಎಳನೀರು. ಮುಖ್ಯ ಅತಿಥಿಯಾಗಿ ಪ್ರವಾಸೋದ್ಯಮದ ಅಧಿಕಾರಿ ಚೇತನಾ ಮೇಡಂ ಬಂದಿದ್ದರು. ಅವರು ರಿಬ್ಬನ್ ಕತ್ತರಿಸಿ, ಕತ್ತರಿ ಹಿಂದೆ ಕೊಡುವಷ್ಟರಲ್ಲಿ ಗೇಟಿನ ಹೊರಗೆ ‘ಡಬ ಡಬ ಡಬ’ ಎಂದು ಟಿಲ್ಲರು ಬಂದು ನಿಂತಿತು.

“ನಾಕ್ ಜನ್ರನ್ನ್ ಕರ್ಕಂಡ್ ಹೋಪುಕ್ ಬಂದೆ,” ಎಂದ ಚೆನ್ನಯ್ಯ ಗೇಟಿನವನಿಗೆ.

“ಯಾವ ನಾಲ್ಕು ಜನ?” ಎಂದು ಮೇಡಂ ಕೇಳಿದರು.

“ಅದ್... ಅದ್ ಒಂದ್ ಪದ್ಧತಿ ಮೇಡಂ,” ಎಂದ ಕುಷ್ಟ.

ರತನನಿಗೆ ಪದ್ಧತಿ ಕೇಳುವ ವ್ಯವಧಾನವಿರಲಿಲ್ಲ. “ಈಗ ಮೊದಲ ಹೊಡೆತ, ನಮ್ಮ ಗುರುಗಳಾದ ಕುಷ್ಟಣ್ಣ ಅವರಿಂದ!” ಎಂದು ಮೈಕಿನಲ್ಲಿ ಕೂಗಿಯೇಬಿಟ್ಟ. ಚಪ್ಪಾಳೆ ಬಿತ್ತು. ಭುಜಂಗ ರಾಯರು ಜೇಬಿನಿಂದ ಒಂದು ಮಖಮಲ್ಲಿನ ಚೀಲ ತೆಗೆದು, ಅದರೊಳಗಿನಿಂದ ಒಂದು ಹಳೆಯ ಚೆಂಡು ತೆಗೆದರು.

“ಹನ್ನೆರಡು ವರ್ಷದ ಹಿಂದೆ ಒಂದೇ ಹೊಡೆತಕ್ಕೆ ಗುಳಿಗೆ ಬಿದ್ದ ಚೆಂಡು. ಇವತ್ತು ನಿಮ್ಮ ಕೈಯಿಂದ ಆಗಲಿ. ಹತ್ತಡಿ ಹೋದರೆ ಸಾಕು, ನಾನೇ ಎತ್ತಿಕೊಳ್ಳುತ್ತೇನೆ.”

ಹಲ್ಲು ಕೀಳುವ ತರ್ಕ ಈಗ ನಡೆಯುವಂತಿರಲಿಲ್ಲ. ಮೇಡಂ ಮುಂದಿನ ಕುರ್ಚಿಯಲ್ಲಿದ್ದರು. ಕುಷ್ಟ ಜೀವಮಾನದಲ್ಲಿ ಮೊದಲ ಸಲ ಗಾಲ್ಫ್ ಕೋಲು ಹಿಡಿದ. ಹಿಡಿದದ್ದು ಹಾರೆ ಹಿಡಿದ ಹಾಗೆ. ಚೆಂಡು ಕಾಲಿಗಿಂತ ಗೇಣು ಮೇಲಿತ್ತು. ಕೆಳಗೆ ಹಿಡಿಯಬೇಕು, ಬಲಕ್ಕೆ ಗುರಿಯಿಡಬೇಕು ಎನ್ನುವುದು ಅವನಿಗೆ ಗೊತ್ತಿಲ್ಲದ್ದೇನಲ್ಲ. ಆದರೆ ಅದು ಶಿಷ್ಯರಿಗೆ ಹೇಳಿದ ಪಾಠ. ಅವನು ತುದಿಯಲ್ಲೇ ಹಿಡಿದು, ಹೆಗಲಿನ ಮೇಲಿಂದ ಎತ್ತಿ, ಅಂಚು ಕೆತ್ತುವ ಬಲವೆಲ್ಲ ಹಾಕಿ ಬೀಸಿದ.

ಎರಡು ವಸ್ತುಗಳು ಮೇಲೆ ಹಾರಿದವು. ಒಂದು, ತಟ್ಟೆಯಗಲದ ಹುಲ್ಲಿನ ಹೆಂಟೆ. ಅದು ಮೇಡಂನವರ ಎಳನೀರಿನ ಪಕ್ಕದಲ್ಲಿ ಇಳಿಯಿತು. ಇನ್ನೊಂದು ರಾಯರ ಚೆಂಡು. ಅದು ಎಡಕ್ಕೆ ತಿರುಗಿ, ಶಾಮಿಯಾನ ದಾಟಿ, ಗೇಟು ದಾಟಿ, ಟಿಲ್ಲರಿನ ಮೇಲಿಂದ ಹಾರಿ, ಗುಡ್ಡೆಯ ಬುಡದ ಚೆನ್ನಯ್ಯನ ಗದ್ದೆಯಲ್ಲಿ ಮರೆಯಾಯಿತು.

“ನನ್ನ ಚೆಂಡು!” ಎಂದರು ರಾಯರು.

“ಬಿದ್ದಲ್ಲಿಂದ್ಲೇ ಹೊಡೀಕ್, ಅದ್ ನಿಯಮ,” ಎಂದ ಕುಷ್ಟ. ಅವನ ದನಿಯಲ್ಲಿ ಒಂದಿಷ್ಟೂ ಅಳುಕಿರಲಿಲ್ಲ. “ಹದ್ದಿಗೆ ಬಿಳಿ ಗೂಟ ನೆಟ್ಟಿದ್ರೆ ಬೇರೆ ಮಾತ್. ಸಾವ್ಕಾರ್ರ್ ಗೂಟ ನೆಡ್ಲಿಲ್ಲೆ. ಗೂಟ ಇಲ್ಲದ್ ಬದಿ ಎಲ್ಲ ಮೈದಾನವೇ.”

ರಾಯರು ಓಡಿದರು. ಅವರ ಹಿಂದೆ ಡಾಕ್ಟರು, ಇಂಜಿನಿಯರು, ಮಾತೇ ಆಡದವರು. ಅವರ ಹಿಂದೆ ರತನ್. ಎಲ್ಲರ ಹಿಂದೆ, ಬಹಳ ಸಂತೋಷದಿಂದ, ಟಿಲ್ಲರ್ ಓಡಿಸಿಕೊಂಡು ಚೆನ್ನಯ್ಯ. ಮುಯ್ಯಾಳುಗಳು ಇಷ್ಟು ಹುರುಪಿನಿಂದ ಗದ್ದೆಗೆ ಓಡುವುದನ್ನು ಅವನು ಎಂದೂ ಕಂಡಿರಲಿಲ್ಲ.

ಗದ್ದೆಯಲ್ಲಿ ಸೀತು ಮತ್ತು ಉಮಾವತಿ ಬುಟ್ಟಿ ತುಂಬಿಸಿಕೊಂಡು ಕಾಯುತ್ತಿದ್ದರು. ಬಿತ್ತದೆ ಉಳಿದ ಅರ್ಧ ಗದ್ದೆ ಹೆಂಟೆ ಹೆಂಟೆಯಾಗಿತ್ತು. ಚೆಂಡಿನ ಸುಳಿವಿಲ್ಲ.

“ಮೂರು ನಿಮಿಷ ಮಾತ್ರ ಹುಡುಕಬಹುದು. ನಿಯಮ,” ಎಂದರು ಇಂಜಿನಿಯರು, ಏದುಸಿರಿನ ನಡುವೆ.

“ಮೂರ್ ನಿಮಿಷಕ್ಕೆ ಅರ್ಧ ಗೆದ್ದೆ ಆತ್ತಾ?” ಎಂದ ಚೆನ್ನಯ್ಯ. “ಚಪ್ಲಿ ಬಿಚ್ಚಿ. ನಾನ್ ಸಾಲ್ ಬಿಡ್ತೆ, ಮಣ್ಣ್ ತಿರ್ಗ್ತ್, ನೀವ್ ಹಿಂದೆ ಬನ್ನಿ. ಹೆಂಟೆ ಅಡಿಯಂಗಿದ್ರೆ ಸಿಕ್ತ್. ಸುಮ್ಗೆ ಕೈ ಬೀಸ್ಕಂಡ್ ಹುಡ್ಕುದ್ ಎಂತಕ್ಕೆ? ಇಗಣಿ, ಬುಟ್ಟಿ ಹಿಡ್ಕಣಿ. ಗೇಣಿಗೊಂದ್ ಬೀಜ.”

ರಾಯರು ಒಂದು ಕ್ಷಣ ಬುಟ್ಟಿಯನ್ನೂ ಗದ್ದೆಯನ್ನೂ ನೋಡಿದರು. ಆ ಚೆಂಡಿನ ಬಗ್ಗೆ ಅವರು ಬ್ರಹ್ಮಾವರದಲ್ಲಿ ಹನ್ನೆರಡು ವರ್ಷದಿಂದ ಭಾಷಣ ಮಾಡಿದ್ದರು. ಬಿಳಿಯ ಬೂಟು ಬಿಚ್ಚಿ ಅಂಚಿನ ಮೇಲೆ ಜೋಡಿಸಿಟ್ಟು ಸಾಲಿಗೆ ಇಳಿದರು.

ಚೇತನಾ ಮೇಡಂ ಕಾರಿನಲ್ಲಿ ಬಂದು ಇಳಿದಾಗ ಕಂಡ ದೃಶ್ಯ ಇದು: ಮುಂದೆ ಟಿಲ್ಲರು, ಹಿಂದೆ ಒಬ್ಬ ಜನರಲ್ ಮ್ಯಾನೇಜರು, ಒಬ್ಬ ದಂತವೈದ್ಯರು, ಒಬ್ಬ ಇಂಜಿನಿಯರು, ಒಬ್ಬ ಮೌನಿ, ಎಲ್ಲರೂ ಪ್ಯಾಂಟು ಮಡಚಿ, ತಲೆ ಬಗ್ಗಿಸಿ, ಗೇಣಿಗೊಂದು ಬೀಜ ಹಾಕುತ್ತ. ಬದಿಯಲ್ಲಿ ಸೀತು.

“ರಾಯ್ರೆ, ಒಂದೇ ಜಾಗಕ್ಕೆ ಮೂರ್ ಹಾಕ್ಬ್ಯಾಡಿ! ಬ್ಯಾಂಕಂಗೆ ಹೀಂಗೇ ಎಣ್ಸುದಾ?”

“ಕ್ಷಮಿಸಿ ಅಮ್ಮ,” ಎಂದರು ರಾಯರು.

ಮೇಡಂ ಕುಷ್ಟನನ್ನು ಕೇಳಿದರು. ಕುಷ್ಟ ಅಂಚಿನ ಮೇಲೆ ನಿಂತು ಎಲ್ಲವನ್ನೂ ವಿವರಿಸಿದ. ಮೇಡಂ ಕಾರ್ಕಳದ ಕಡೆಯ ಗದ್ದೆಮನೆಯವರು. ಪೂರ್ತಿ ಕೇಳಿ, “ದುಡ್ಡಿಲ್ಲ, ಊಟ ಇದೆ ಅಂದರೆ ಮುಯ್ಯಾಳೇ. ಲೆಕ್ಕ ಸರಿಯಿದೆ,” ಎಂದರು. ಚಾಲಕನಿಗೆ ಫೋಟೋ ತೆಗೆಯಲು ಹೇಳಿದರು.

ಹನ್ನೆರಡು ಗಂಟೆಗೆ ಕೊನೆಯ ಸಾಲು ಮುಚ್ಚಿತು. ಚೆನ್ನಯ್ಯ ಒಂದು ಹಿಡಿ ಮಣ್ಣೆತ್ತಿ ಹಿಚುಕಿ ನೋಡಿದ. ಉಂಡೆ ನಿಂತಿತು. ಆಗಲೇ ಅವನ ಮುಖದಲ್ಲಿ ಎರಡು ದಿನದಿಂದ ಕಾಣದ ನಗು ಕಂಡದ್ದು.

ಗಂಜಿ, ಬಂಗ್ಡೆ ಸಾರು, ಮಾವಿನ ಉಪ್ಪಿನಕಾಯಿ ಬಡಿಸಿದ ಮೇಲೆ ಸೀತು ಸೆರಗಿನ ಗಂಟು ಬಿಚ್ಚಿ ರಾಯರ ಬಟ್ಟಲಿನ ಪಕ್ಕ ಚೆಂಡನ್ನು ಇಟ್ಟಳು.

“ಎಲ್ಲಿ ಸಿಕ್ಕಿತು?”

“ನೀವ್ ಬಪ್ಪುಕ್ ಮೊದ್ಲೇ ಸಿಕ್ಕಿತ್.”

“ಮತ್ತೆ ಆಗಲೇ ಏಕೆ ಕೊಡಲಿಲ್ಲ?”

“ಕೊಟ್ಟಿದ್ರೆ ನೀವ್ ಹೋತಿದ್ರಿ ಅಲ್ದಾ?”

ರಾಯರು ಚೆಂಡನ್ನು ಒರೆಸಿ ಜೇಬಿಗೆ ಹಾಕಿಕೊಂಡರು. ಇನ್ನೊಂದು ಬಂಗ್ಡೆ ಹಾಕಿಸಿಕೊಂಡರು.

ಕುಷ್ಟನ ದೃಷ್ಟಿಯಲ್ಲಿ ಇದೆಲ್ಲ ಅವನು ಮೊದಲೇ ಯೋಚಿಸಿ ನಡೆಸಿದ ಏರ್ಪಾಡು. ಸಂಜೆ ಪೇಟೆಯಲ್ಲಿ ನಾಲ್ಕು ಅಂಗಡಿಗೆ ಅವನೇ ಹೋಗಿ ಹಾಗೆಂದು ಹೇಳಿ ಬಂದ. ಆದರೆ ಚೆನ್ನಯ್ಯನಿಗೆ ಆ ರಾತ್ರಿ ಊಟ ಸೇರಲಿಲ್ಲ. ಕುಷ್ಟ ಕೊಡಬೇಕಾದದ್ದು ಒಬ್ಬ ಮನುಷ್ಯನ ಒಂದು ದಿನ. ಬಂದದ್ದು ನಾಲ್ಕು ಜನ, ಅರ್ಧ ದಿನ. ಅಂದರೆ ಎರಡು ದಿನ. ಒಂದು ದಿನ ಹೆಚ್ಚಾಯಿತು. ಚೆನ್ನಯ್ಯ ರೆಸಾರ್ಟಿಗೆ ಒಂದು ದಿನ ಬಾಕಿ!

ಭಾನುವಾರ ಬೆಳಕು ಹರಿಯುವಾಗ ಅವನೂ ಸೀತುವೂ ಟಿಲ್ಲರು, ಹಾರೆ, ಬುಟ್ಟಿ ತೆಗೆದುಕೊಂಡು ಗುಡ್ಡೆ ಹತ್ತಿದರು. ಇಬ್ಬರು ಅರ್ಧ ದಿನ ದುಡಿದರೆ ಲೆಕ್ಕ ಚುಕ್ತಾ. ದಾರಿಯಲ್ಲಿ ನೋಡಿ, ಇದೆಲ್ಲ ತನ್ನ ಗಂಡ ಗದ್ದೆಗೆ ಬಾರದೆ ಹುಟ್ಟಿದ ಬಾಕಿಯೆಂದು ಉಮಾವತಿಯೂ ಹಾರೆ ಹಿಡಿದು ಸೇರಿಕೊಂಡಳು. ಅವಳ ಹಿಂದೆ ಬರಿಗೈಯಲ್ಲಿ ಕುಷ್ಟನೂ ಬಂದ. ಶನಿವಾರ ರಾತ್ರಿಯ ಔತಣ ಮುಗಿಸಿ ರತನನೂ ಅತಿಥಿಗಳೂ ಗಾಢ ನಿದ್ದೆಯಲ್ಲಿದ್ದರು. ಮೊದಲ ಹೊಡೆತ ಹೊಡೆಯುವ ಜಾಗವನ್ನು ಚೆನ್ನಯ್ಯ ಸುತ್ತ ನಡೆದು ನೋಡಿದ.

“ಪಾಪ,” ಎಂದ. “ಇಷ್ಟ್ ಓರೆ ಜಾಗದಂಗ್ ಆಟ ಆಡುದಾ?”

ರತನ್ ಹಲ್ಲುಜ್ಜುತ್ತ ಹೊರಗೆ ಬಂದಾಗ ಹತ್ತು ಗಂಟೆ. ಅವನ ಗಾಲ್ಫ್ ಮೈದಾನದ ನೆತ್ತಿಯಲ್ಲಿ ಇಪ್ಪತ್ತಡಿ ಉದ್ದ, ಹದಿನೈದಡಿ ಅಗಲದ ಒಂದು ಗದ್ದೆ ತಯಾರಾಗಿತ್ತು. ನೀರು ನಿಲ್ಲಿಸಿದರೆ ನಾಲ್ಕೂ ಮೂಲೆಗೆ ಒಂದೇ ಬೆರಳು ನಿಲ್ಲುವಷ್ಟು ಸಮ. ಸುತ್ತ ಚಂದದ ಅಂಚು. ಒಂದು ಮೂಲೆಯಲ್ಲಿ ನೀರು ಹೋಗಲು ಕಂಡಿ.

ರತನನ ಬಾಯಿಂದ ಬ್ರಷ್ಷು ಬಿತ್ತು. “ಚೆನ್ನಯ್ಯಣ್ಣ! ಎಂತ ಮಾಡಿದ್ರಿ! ಆ ಇಳ್ಜಾರ್ ಮಾಡ್ಸುಕೆ ನಾನ್ ಬೊಂಬಾಯಿಂದ ಇಂಜಿನಿಯರ್ ತರ್ಸಿದ್ದ್!”

“ಅವ್ರ್ ಅರ್ಧಕ್ಕೇ ಬಿಟ್ಟ್ ಹೋಯ್ರ್ ಕಾಣಿ,” ಎಂದ ಚೆನ್ನಯ್ಯ, ಕನಿಕರದಿಂದ. “ನಾನ್ ಪೂರಾ ಮಾಡ್ದೆ. ಇನ್ನ್ ನಿಮ್ಗೂ ನಮ್ಗೂ ಲೆಕ್ಕ ಇಲ್ಲೆ ಸಾವ್ಕಾರ್ರೆ.”

ಗದ್ದಲಕ್ಕೆ ಎದ್ದು ಬಂದ ಭುಜಂಗ ರಾಯರು ಆ ಸಮ ನೆಲದ ಮೇಲೆ ಕಾಲಿಟ್ಟರು. ಇನ್ನೊಂದು ಕಾಲನ್ನೂ ಇಟ್ಟರು. ಎರಡೂ ಕಾಲು ಒಂದೇ ಎತ್ತರದಲ್ಲಿದ್ದವು. ಅವರ ಮುಖ ಅರಳಿತು. ಚೆಂಡು ಇಟ್ಟು, ಅಲ್ಲೇ ನಿಂತಿದ್ದ ಕುಷ್ಟನ ಕಡೆ ತಿರುಗಿದರು.

“ಗುರುಗಳೇ, ಇಲ್ಲಿ ಹೇಗೆ ನಿಲ್ಲಲಿ?”

ಕುಷ್ಟ ಬಾಯಿ ತೆರೆದ. ಗುಡ್ಡೆಯನ್ನು ನೋಡಿದ, ಚೆಂಡನ್ನು ನೋಡಿದ, ರಾಯರ ಕಾಲನ್ನು ನೋಡಿದ. ಎಲ್ಲಿಯೂ ಓರೆ ಕಾಣಲಿಲ್ಲ.

“ಇಲ್ಲಿ... ಸುಮ್ಗೆ ನಿತ್ಕಣಿ,” ಎಂದ.

ರಾಯರು ಸುಮ್ಮನೆ ನಿಂತು ಹೊಡೆದರು. ಚೆಂಡು ಗೆರೆ ಎಳೆದ ಹಾಗೆ ನೆಟ್ಟಗೆ ಹೋಯಿತು. ಡಾಕ್ಟರು ಓಡಿ ಬಂದು ಸರದಿಯಲ್ಲಿ ನಿಂತರು, ಅವರ ಹಿಂದೆ ಇಂಜಿನಿಯರು. ರತನ್ ಅತಿಥಿಗಳ ಮುಖ ನೋಡಿ, ಬ್ರಷ್ಷು ಎತ್ತಿಕೊಂಡು, ಇಂಥ ಇನ್ನು ಐದು ಗದ್ದೆಗೆ ಎಷ್ಟಾಗುತ್ತದೆಂದು ಚೆನ್ನಯ್ಯನನ್ನು ಕೇಳಿದ. ಗುರುವನ್ನು ಯಾರೂ ಏನೂ ಕೇಳಲಿಲ್ಲ.

“ಸಮ ನೆಲದಂಗೆ ಹೇಳ್ಕೊಡುಕ್ ಎಂತ ಇತ್ತ್?” ಎಂದ ಕುಷ್ಟ, ಇಳಿಯುವಾಗ ಹೆಂಡತಿಗೆ. “ಅಲ್ಲಿಗ್ ಮುಟ್ಟ್ಸುದ್ ನನ್ ಕೆಲ್ಸ. ಮುಟ್ಟ್ಸಿದೆ.”

“ಆಯ್ತ್,” ಎಂದಳು ಉಮಾವತಿ. “ಗುರುವಾರ ನಾನ್ ಹೋದ್ದ್ ನನ್ ಪಾಲಿಂದ್. ಶುಕ್ರವಾರ ಹೋದ್ದ್ ನಿಮ್ಮ್ ಬದ್ಲಿ. ಇವತ್ತ್ ಹಾರೆ ಹಿಡ್ದದ್ದೂ ನಿಮ್ಮ್ ಬದ್ಲಿ. ಅರ್ಧ ಅರ್ಧ ಸೇರಿ ಒಂದ್ ದಿನ. ಊರಿನ್ ಲೆಕ್ಕ ಎಲ್ಲ ತೀರಿತ್. ನಂದ್ ಬಾಕಿ ಇತ್ತ್.”

“ನಾವ್ ಒಂದೇ ಮನಿಯವ್ರ್ ಅಲ್ದನಾ ಹೆಣೆ?”

“ದುಡ್ಡ್ ಕೊಟ್ರಿಯಾ?”

“ಇಲ್ಲೆ.”

“ಊಟ ಮನಿಯಂಗೇ ಅಲ್ದಾ?”

ಕುಷ್ಟನಿಗೆ ಮುಂದಿನ ಮಾತು ಗೊತ್ತಿತ್ತು.

ಸೋಮವಾರ ಬೆಳಿಗ್ಗೆ ಅವನು ಅಂಗಳ ಗುಡಿಸಿ, ಒಲೆ ಹಚ್ಚಿ, ಬಾವಿಕಟ್ಟೆಯ ಬಳಿ ಕೂತು ಬಂಗ್ಡೆ ಹೆಚ್ಚಿದ. ಉಮಾವತಿ ಜಗಲಿಯಲ್ಲಿ ಕಾಲು ಚಾಚಿ, ಎಲೆಗೆ ಸುಣ್ಣ ಹಚ್ಚುತ್ತ ನೋಡುತ್ತಿದ್ದಳು. ನಡುನಡುವೆ ಕುಷ್ಟ ಕತ್ತಿ ನಿಲ್ಲಿಸಿ, ಬೊಂಬಾಯಿಯಲ್ಲಿ ಮೀನನ್ನು ಹೇಗೆ ಹೆಚ್ಚುತ್ತಾರೆಂದು ಬೇಲಿಯಾಚೆಯ ಸೀತುವಿಗೆ ತಿಳಿಸುತ್ತಿದ್ದ. ಎರಡು ಗಂಟೆಗೆ ಅನ್ನ ಬೆಂದಿತು. ಸಾರಿಗೆ ಉಪ್ಪು ಬಿದ್ದಿರಲಿಲ್ಲ.

ಉಮಾವತಿ ಉಂಡು, ಕೈ ತೊಳೆದು, ತೀರ್ಪು ಕೊಟ್ಟಳು.

“ಅರ್ಧ ಆಳ್ ಅಂದ್ ಹಿಡೀತೆ. ನಾಳೆಯೂ ಬನ್ನಿ.”